ಕ್ಷಿಪಣಿ ಕೊಡೆಗೆ ಪರಿಸರದ ಪರೀಕ್ಷೆ

ದೇಶರಕ್ಷಣೆಗೆಂದು ಹೊಸ ಅಸ್ತ್ರವೊಂದು ತಯಾರಾಗುತ್ತಿರುವಾಗ 'ಇದರಿಂದ ಕಡಲ ನೀರುನಾಯಿಗಳಿಗೆ ಏನಾದೀತು?' ಎಂದು ಯಾರಾದರೂ ಕೇಳಿದರೆ ಎಂಥವರಿಗೂ ನಗು ಬಂದೀತು. ಅಮೆರಿಕದಲ್ಲಿ 1971ರಲ್ಲಿ ಇಂಥ ಪ್ರಶ್ನೆ ಕೇಳಿದವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಏಳು ನ್ಯಾಯಮೂರ್ತಿಗಳಲ್ಲಿ ಮೂವರು ಅವರ ಪರ ನಿಂತರು. ಇನ್ನೊಬ್ಬರು ಈಚೆಗೆ ವಾಲಿದ್ದರೆ, ಅಂದು ಸಾವಿರಾರು ಕಿಲೊಮೀಟರ್ ಆಚೆ ನೆಲದಡಿಯಲ್ಲಿ ಸಿಡಿಯಲು ಸಿದ್ಧವಾಗಿ ಕೂತಿದ್ದ ಬಾಂಬು ತಾತ್ಕಾಲಿಕವಾಗಿಯಾದರೂ ಸುಮ್ಮನಿರಬೇಕಾಗುತ್ತಿತ್ತು.

ಬಾಂಬಿಗೂ ರಕ್ಷಣೆಗೂ ಏನು ಸಂಬಂಧ ಎಂದು ಕೇಳಬಹುದು. 1960ರ ದಶಕದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಎರಡೂ ಖಂಡಾಂತರ ಕ್ಷಿಪಣಿಗಳನ್ನು ಪೇರಿಸಿಕೊಂಡಿದ್ದವು. ಹಾರಿ ಬರುವ ಕ್ಷಿಪಣಿಯನ್ನು ನಡುದಾರಿಯಲ್ಲೇ ನಾಶಮಾಡುವ ಪ್ರತಿಕ್ಷಿಪಣಿಗಳಿಗೆ ಎರಡೂ ಕಡೆ ಹುಡುಕಾಟ ನಡೆದಿತ್ತು. ಅಂದಿನ ತಂತ್ರಜ್ಞಾನದಲ್ಲಿ ಗುರಿಗೆ ನೇರವಾಗಿ ಹೋಗಿ ಡಿಕ್ಕಿ ಹೊಡೆಯುವಷ್ಟು ನಿಖರತೆ ಇರಲಿಲ್ಲ. ಅದಕ್ಕೆ ಅಮೆರಿಕದ ಎಂಜಿನಿಯರುಗಳು ಕಂಡುಕೊಂಡ ಉಪಾಯ ಒರಟಾದದ್ದು: ಶತ್ರುವಿನ ಸಿಡಿತಲೆ ವಾತಾವರಣದಾಚೆ ಇರುವಾಗಲೇ ಅದರ ಸಮೀಪ ಬೃಹತ್ ಪರಮಾಣು ಬಾಂಬೊಂದನ್ನು ಸಿಡಿಸುವುದು, ಅದರಿಂದ ಹೊಮ್ಮುವ ಕ್ಷಕಿರಣಗಳಿಂದ ಸಿಡಿತಲೆಯನ್ನು ಕೆಡಿಸುವುದು. ಈ ಕೆಲಸದ ಕ್ಷಿಪಣಿಗೆ ಇಟ್ಟ ಹೆಸರು ಸ್ಪಾರ್ಟನ್. ಅದರ ತಲೆಯಲ್ಲಿ ಸುಮಾರು ಐದು ಮೆಗಾಟನ್ ಶಕ್ತಿಯ ಬಾಂಬು, ಎಂದರೆ ಹಿರೋಶಿಮಾದ ಮೇಲೆ ಬಿದ್ದುದರ ಮುನ್ನೂರು ಪಟ್ಟಿಗೂ ಮಿಗಿಲು. ಕೊಡೆಯ ಹೆಸರಿನಲ್ಲಿ ಸಿಡಿಲನ್ನೇ ಮಡಚಿಟ್ಟ ಹಾಗೆ. ಇದು ಬೇಕೇ ಬೇಡವೇ ಎಂಬ ಬಗ್ಗೆ ಅಮೆರಿಕದ ಸಂಸತ್ತಿಗೂ ಖಾತ್ರಿಯಿರಲಿಲ್ಲ. 1969ರ ಆಗಸ್ಟ್‌ನಲ್ಲಿ ಸೆನೆಟ್ಟಿನ ಮತ 50-50 ಆಗಿ ಸಮನಾಗಿ ಒಡೆಯಿತು. ಉಪಾಧ್ಯಕ್ಷ ಸ್ಪೈರೊ ಆ್ಯಗ್ನ್ಯೂ ಹಾಕಿದ ಮತದಿಂದ ಯೋಜನೆ ಉಳಿದುಕೊಂಡಿತು.

ಇಷ್ಟು ದೊಡ್ಡ ಬಾಂಬನ್ನು ಪರೀಕ್ಷಿಸುವುದೆಲ್ಲಿ? ನೆವಾಡಾ ಮರುಭೂಮಿಯ ಮಾಮೂಲಿ ನೆಲೆಯಲ್ಲಿ ಮೆಗಾಟನ್ ಗಾತ್ರದ ಸ್ಫೋಟಗಳಾದರೆ ಲಾಸ್ ವೇಗಸ್‌ನ ಎತ್ತರದ ಹೋಟೆಲುಗಳು ತೂಗಾಡುತ್ತಿದ್ದವು. ಆ ಹೋಟೆಲುಗಳಲ್ಲಿ ಕೆಲವನ್ನು ಕೊಂಡು ಅಲ್ಲೇ ಅಡಗಿ ಕೂತಿದ್ದ ಕೋಟ್ಯಧಿಪತಿ ಹೊವರ್ಡ್ ಹ್ಯೂಸ್ ತಕರಾರು ಎತ್ತಿದ್ದರು. ಅಂಥ ಹೋಟೆಲುಗಳೂ ಕೋಟ್ಯಧಿಪತಿಗಳೂ ಇಲ್ಲದ ಜಾಗವೊಂದು ಬೇಕಾಯಿತು. ಅಲಾಸ್ಕದಿಂದ ಏಷ್ಯಾದತ್ತ ಬಿಲ್ಲಿನಂತೆ ಬಾಗಿರುವ ಅಲ್ಯೂಶಿಯನ್ ದ್ವೀಪಸಾಲಿನಲ್ಲಿ ಅಮ್ಚಿಟ್ಕಾ ಎಂಬುದೊಂದು ದ್ವೀಪವಿದೆ. ಉದ್ದ ಸುಮಾರು 65 ಕಿಲೊಮೀಟರ್, ಅಗಲ ಐದಾರು ಕಿಲೊಮೀಟರ್. ಮರಗಳಿಲ್ಲ. ಸದಾ ಮಂಜು, ಗಾಳಿ. ಹಿಂದೆ ಅಲ್ಯೂಟ್ ಜನರ ನೆಲೆಯಾಗಿದ್ದ ಅಲ್ಲಿ ಆ ವೇಳೆಗೆ ಊರುಗಳಿರಲಿಲ್ಲ.

ಆದರೆ ನೀರುನಾಯಿಗಳಿದ್ದವು. ದಟ್ಟವಾದ ತುಪ್ಪಳಕ್ಕಾಗಿ ರಷ್ಯನ್ನರೂ ಅಮೆರಿಕನ್ನರೂ ಒಂದೂವರೆ ಶತಮಾನ ಬೇಟೆಯಾಡಿ ಈ ಪ್ರಾಣಿಯನ್ನು ಅಳಿವಿನ ಅಂಚಿಗೆ ತಂದಿದ್ದರು. 1911ರ ಅಂತರರಾಷ್ಟ್ರೀಯ ಒಪ್ಪಂದ ಬೇಟೆಯನ್ನು ನಿಷೇಧಿಸಿದಾಗ ಅಲ್ಲೊಂದು ಇಲ್ಲೊಂದು ಗುಂಪು ಮಾತ್ರ ಉಳಿದಿತ್ತು. ಅಂಥ ಒಂದು ಗುಂಪು ಅಮ್ಚಿಟ್ಕಾದ ಕಡಲಲ್ಲಿತ್ತು. 1913ರಲ್ಲಿ ಅಧ್ಯಕ್ಷ ಟಾಫ್ಟ್ ಈ ದ್ವೀಪಸಾಲನ್ನು ವನ್ಯಜೀವಿಗಳ ರಕ್ಷಿತ ತಾಣವೆಂದು ಘೋಷಿಸಿದರು. ಅದೇ ಆಜ್ಞೆಯಲ್ಲಿ, ಸೇನೆ ಮತ್ತು ನೌಕಾಪಡೆ ಈ ದ್ವೀಪಗಳನ್ನು ಬಳಸಿಕೊಳ್ಳಲು ಇದರಿಂದ ಅಡ್ಡಿಯಿಲ್ಲ ಎಂಬ ಮಾತೂ ಸೇರಿತ್ತು. ಸರ್ಕಾರಿ ಆಜ್ಞೆಗಳನ್ನು ಕೊನೆಯ ಸಾಲಿನವರೆಗೂ ಓದಬೇಕು ಎನ್ನುವುದು ಇಂಥದ್ದಕ್ಕೇ.

ಈ ದ್ವೀಪದಲ್ಲಿ 1965ರಲ್ಲೊಂದು, 1969ರಲ್ಲೊಂದು ನೆಲದಡಿಯ ಸ್ಫೋಟ ನಡೆದವು. ಎರಡನೆಯದು ಒಂದು ಮೆಗಾಟನ್ನಿನದು. ಮುಂದಿನ ದೊಡ್ಡ ಬಾಂಬನ್ನು ಈ ನೆಲ ತಡೆದುಕೊಂಡೀತೇ ಎಂದು ನೋಡಲು ಮಾಡಿದ್ದು. ಅಲಾಸ್ಕದ ಜನ ಹೆದರಿದ್ದಕ್ಕೆ ಕಾರಣವಿತ್ತು. 1964ರ ಮಾರ್ಚ್‌ನಲ್ಲಿ ಅಲ್ಲಿ 9.2 ಪ್ರಮಾಣದ ಭೂಕಂಪವಾಗಿ, ಸಮುದ್ರ ಉಕ್ಕಿ ಊರುಗಳನ್ನು ತೊಳೆದುಹಾಕಿತ್ತು. ಅಮ್ಚಿಟ್ಕಾ ಕೂಡ ಅದೇ ಭೂಕಂಪದ ಪಟ್ಟಿಯಲ್ಲಿದೆ. ಕೆನಡಾದ ವ್ಯಾಂಕೂವರ್‌ನಲ್ಲಿ ಕೆಲವರು 'ಅಲೆ ಎಬ್ಬಿಸಬೇಡಿ' ಎಂಬ ಹೆಸರಿನ ಸಮಿತಿ ಕಟ್ಟಿಕೊಂಡರು. 1971ರ ಸೆಪ್ಟೆಂಬರ್‌ನಲ್ಲಿ ಹಳೆಯ ಮೀನುಗಾರಿಕೆ ದೋಣಿಯೊಂದನ್ನು ಹಿಡಿದು ಸ್ಫೋಟದ ಜಾಗಕ್ಕೇ ಹೊರಟರು. ಕರಾವಳಿ ಕಾವಲುಪಡೆ ತಡೆದದ್ದರಿಂದ ದೋಣಿ ಅಲ್ಲಿಗೆ ತಲುಪಲಿಲ್ಲ. ಅದಕ್ಕೆ ಅವರು ಇಟ್ಟಿದ್ದ ಗ್ರೀನ್‌ಪೀಸ್ ಎಂಬ ಹೆಸರು ಮಾತ್ರ ಲೋಕವೆಲ್ಲ ಸುತ್ತಿತು.

ದೋಣಿಯ ಕಥೆ ಬಹಳ ಮಂದಿಗೆ ಗೊತ್ತು. ಕಾಗದದ ಕಥೆ ಅಷ್ಟಾಗಿ ಗೊತ್ತಿಲ್ಲ. ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯವಾದದ್ದು.

1970ರ ಜನವರಿ 1ರಂದು ಅಧ್ಯಕ್ಷ ನಿಕ್ಸನ್ ರಾಷ್ಟ್ರೀಯ ಪರಿಸರ ನೀತಿ ಕಾಯಿದೆಗೆ ಸಹಿ ಹಾಕಿದರು. ಪರಿಸರದ ಮೇಲೆ ಗಣನೀಯ ಪರಿಣಾಮ ಬೀರಬಹುದಾದ ಯಾವುದೇ ದೊಡ್ಡ ಕೆಲಸಕ್ಕೆ ಕೇಂದ್ರ ಸರ್ಕಾರ ಕೈಹಾಕುವ ಮುನ್ನ, ಏನೇನು ಹಾನಿ ಆದೀತು, ಬೇರೆ ದಾರಿಗಳೇನಿವೆ ಎಂದು ವಿವರವಾದ ವರದಿ ಬರೆಯಬೇಕು. ಸಂಬಂಧಪಟ್ಟ ಬೇರೆ ಇಲಾಖೆಗಳ ಅಭಿಪ್ರಾಯ ಕೇಳಬೇಕು. ಎಲ್ಲವನ್ನೂ ಜನರ ಮುಂದಿಡಬೇಕು. ಇಂದು ಜಗತ್ತಿನ ಬಹುಪಾಲು ದೇಶಗಳಲ್ಲಿರುವ 'ಪರಿಸರ ಪರಿಣಾಮದ ಅಂದಾಜು' ಎಂಬ ಪದ್ಧತಿಯ ಮೂಲ ಇದು. ಕೆಲಸ ಹಾನಿಕರವೆಂದು ಗೊತ್ತಾದರೆ ಕೈಬಿಡಲೇಬೇಕು ಎಂದು ಕಾಯಿದೆ ಹೇಳುವುದಿಲ್ಲ. ನೋಡಿ, ಬರೆದು, ತೋರಿಸಿ, ಆಮೇಲೆ ಬೇಕಾದರೆ ಮಾಡಿ, ಇಷ್ಟೇ ಅದರ ಮಾತು. ಸೇನೆಗೂ ಬಾಂಬಿಗೂ ಇದರಿಂದ ವಿನಾಯಿತಿ ಇರಲಿಲ್ಲ.

ಹಾಗಾಗಿ ಪರಮಾಣು ಶಕ್ತಿ ಆಯೋಗ ತನ್ನ ಬಾಂಬಿನ ಬಗ್ಗೆ ತಾನೇ ವರದಿ ಬರೆಯಿತು. ಅಲಾಸ್ಕದಲ್ಲಿ ಬಹಿರಂಗ ವಿಚಾರಣೆಯೂ ನಡೆಯಿತು. ಭೂಕಂಪವಾಗಲಿ ಸುನಾಮಿಯಾಗಲಿ ಆಗುವ ಸಂಭವ ತೀರ ಕಡಿಮೆ, ವಿಕಿರಣ ಸೋರದು ಎಂದು ವರದಿ ಹೇಳಿತು. ಇದನ್ನು ಒಪ್ಪದ ವಿಜ್ಞಾನಿಗಳಿದ್ದರು. ಆದರೆ ಅವರ ಮಾತಿಗೆ ವರದಿಯಲ್ಲಿ ತಕ್ಕ ಜಾಗ ಸಿಕ್ಕಿಲ್ಲ ಎಂದು ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು. 1971ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪು ಇಂದಿಗೂ ಉಲ್ಲೇಖವಾಗುತ್ತದೆ: ಜವಾಬ್ದಾರಿಯುತವಾದ ಭಿನ್ನಾಭಿಪ್ರಾಯಗಳನ್ನೂ ವರದಿ ಒಳಗೊಳ್ಳಬೇಕು, ಒಂದೇ ಕಡೆಯ ವಾದ ಸಾಲದು.

ಅಷ್ಟರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಸರ್ಕಾರದ ಒಳಗೇ ಹಲವರು ಈ ಸ್ಫೋಟವನ್ನು ವಿರೋಧಿಸಿ ಟಿಪ್ಪಣಿ ಬರೆದಿದ್ದರು. ಅಧ್ಯಕ್ಷರಿಗೆ ಪರಿಸರದ ಬಗ್ಗೆ ಸಲಹೆ ಕೊಡುವ ಮಂಡಳಿಯ ಮುಖ್ಯಸ್ಥ ರಸೆಲ್ ಟ್ರೇನ್ ಅವರದ್ದೂ ಅದರಲ್ಲಿತ್ತು. ಆ ಕಾಗದಗಳು 'ಗುಪ್ತ' ಮುದ್ರೆ ಹೊತ್ತು ಕಪಾಟಿನಲ್ಲಿದ್ದವು. ಮೊಕದ್ದಮೆಯ ಒತ್ತಡದಿಂದ ಕೆಲವು ಹೊರಬಂದವು. ಅಕ್ಟೋಬರ್ ಕೊನೆಗೆ ನಿಕ್ಸನ್ ಸ್ಫೋಟಕ್ಕೆ ಒಪ್ಪಿಗೆ ಕೊಟ್ಟರು. ನವೆಂಬರ್ 6, ಶನಿವಾರ ಬೆಳಿಗ್ಗೆ ಸುಪ್ರೀಂ ಕೋರ್ಟು ತುರ್ತಾಗಿ ಸೇರಿತು. ಇಬ್ಬರು ನ್ಯಾಯಮೂರ್ತಿಗಳು ಆಗತಾನೇ ನಿವೃತ್ತರಾಗಿದ್ದರಿಂದ ಪೀಠದಲ್ಲಿದ್ದವರು ಏಳೇ ಮಂದಿ. ತಡೆಯಾಜ್ಞೆ ಬೇಡವೆಂದವರು ನಾಲ್ವರು. ಬೇಕೆಂದವರು ಡಗ್ಲಸ್, ಬ್ರೆನನ್ ಮತ್ತು ಮಾರ್ಷಲ್. ಕೆಲವೇ ಗಂಟೆಗಳಲ್ಲಿ, ಸುಮಾರು 1,800 ಮೀಟರ್ ಆಳದ ಬಾವಿಯಲ್ಲಿ ಬಾಂಬು ಸಿಡಿಯಿತು. ಅಪಾಯವಿಲ್ಲ ಎಂದು ತೋರಿಸಲು ಆಯೋಗದ ಅಧ್ಯಕ್ಷ ಜೇಮ್ಸ್ ಶ್ಲೆಸಿಂಜರ್ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ದ್ವೀಪಕ್ಕೆ ಕರೆದುಕೊಂಡು ಹೋಗಿದ್ದರು.

ನೆಲ ಆರು ಮೀಟರಿನಷ್ಟು ಮೇಲೆದ್ದು ಕೂತಿತು. ಭೂಕಂಪಮಾಪಕಗಳು 7ರ ಹತ್ತಿರದ ಕಂಪನವನ್ನು ದಾಖಲಿಸಿದವು. ಕಡಲಂಚಿನ ಬಂಡೆಗಳು ಕುಸಿದವು, ನೆಲ ತಗ್ಗಾದ ಕಡೆ ಹೊಸ ಕೆರೆಯೊಂದು ಹುಟ್ಟಿತು. ಸುನಾಮಿ ಬರಲಿಲ್ಲ. ಅಷ್ಟರಮಟ್ಟಿಗೆ ವರದಿ ಬರೆದವರು ಗೆದ್ದರು ಎನ್ನಬೇಕು. ಆದರೆ ನೀರಿನಲ್ಲಿ ಹಬ್ಬಿದ ಒತ್ತಡದ ಅಲೆಗೆ ನೂರಾರು ನೀರುನಾಯಿಗಳು ಸತ್ತವು. ಕೆಲವು ಅಂದಾಜುಗಳು ಸಾವಿರ ದಾಟುತ್ತವೆ. ಬಿರುಗಾಳಿಯ ದಿನಗಳಾದ್ದರಿಂದ ದಡಕ್ಕೆ ಬಂದ ಹೆಣಗಳು ಕಡಿಮೆ. ಆ ವರ್ಷಗಳಲ್ಲೇ ಅಮ್ಚಿಟ್ಕಾದಿಂದ ಹಿಡಿದು ಬೇರೆಡೆ ಬಿಟ್ಟಿದ್ದ ನೀರುನಾಯಿಗಳ ಸಂತತಿ ಉಳಿದುಕೊಂಡಿದೆ. 1969 ಮತ್ತು 1970ರಲ್ಲಿ ಸಾಗಿಸಿದ 59 ಪ್ರಾಣಿಗಳ ವಂಶವೇ ಇಂದು ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿದೆ.

ಆದರೆ ಆಗ ನೀರುನಾಯಿ ಮತ್ತು ಸುನಾಮಿಯ ಗದ್ದಲದ ನಡುವೆ ಯಾರೂ ಹೆಚ್ಚು ಮಾತಾಡದಿದ್ದ ಇನ್ನೊಂದು ವರ್ಗವಿತ್ತು. ಬಾವಿ ಕೊರೆದವರು, ಸುರಂಗದಲ್ಲಿ ದುಡಿದವರು. 2000ದಲ್ಲಿ ಅಮೆರಿಕ ಪರಮಾಣು ಕಾರ್ಮಿಕರ ಪರಿಹಾರಕ್ಕೆಂದು ಮಾಡಿದ ಕಾಯಿದೆಯಲ್ಲಿ ಅಮ್ಚಿಟ್ಕಾದ ಹೆಸರಿದೆ. ಅಲ್ಲಿ ಆ ಸ್ಫೋಟಗಳ ವಿಕಿರಣಕ್ಕೆ ಒಡ್ಡಿಕೊಂಡು, ಪಟ್ಟಿಯಲ್ಲಿರುವ ಕ್ಯಾನ್ಸರ್‌ಗಳಿಗೆ ತುತ್ತಾದವರು ಎಷ್ಟು ವಿಕಿರಣ ತಗುಲಿತ್ತು ಎಂಬ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಗುಪ್ತ ಟಿಪ್ಪಣಿಗಳ ಕಥೆ ಸ್ಫೋಟದೊಂದಿಗೆ ಮುಗಿಯಲಿಲ್ಲ. ಹವಾಯಿಯ ಸಂಸದೆ ಪ್ಯಾಟ್ಸಿ ಮಿಂಕ್ ಮತ್ತು ಅವರ 32 ಸಹೋದ್ಯೋಗಿಗಳು ಮಾಹಿತಿ ಹಕ್ಕಿನ ಕಾಯಿದೆಯಡಿ ಅವುಗಳನ್ನು ಕೇಳಿ ದಾವೆ ಹೂಡಿದ್ದರು. 1973ರಲ್ಲಿ ಸುಪ್ರೀಂ ಕೋರ್ಟು ಅವರ ವಿರುದ್ಧ ತೀರ್ಪಿತ್ತಿತು: ಸರ್ಕಾರ ಗುಪ್ತವೆಂದು ಮುದ್ರೆ ಒತ್ತಿದ್ದರೆ ಅದು ಸರಿಯೇ ಎಂದು ನ್ಯಾಯಾಧೀಶರು ಒಳಗಿಣುಕಿ ನೋಡುವಂತಿಲ್ಲ. ಮರುವರ್ಷವೇ ಸಂಸತ್ತು ಕಾಯಿದೆಯನ್ನು ತಿದ್ದಿ ನ್ಯಾಯಾಧೀಶರಿಗೆ ಆ ಅಧಿಕಾರ ಕೊಟ್ಟಿತು. ಸೋತ ಮೊಕದ್ದಮೆ ಕಾನೂನನ್ನು ಬದಲಿಸಿದ್ದು ಹೀಗೆ.

ಇಷ್ಟೆಲ್ಲ ಆಗಿ ಕೊಡೆ ಏನಾಯಿತು? 1972ರಲ್ಲಿ ಎರಡೂ ದೇಶಗಳು ಪ್ರತಿಕ್ಷಿಪಣಿಗಳಿಗೆ ಮಿತಿ ಹಾಕುವ ಒಪ್ಪಂದ ಮಾಡಿಕೊಂಡವು. ಉತ್ತರ ಡಕೋಟಾದ ನೆಕೋಮಾ ಎಂಬ ಹಳ್ಳಿಯ ಬಳಿ ಒಂದು ನೆಲೆ ಮಾತ್ರ ಸಿದ್ಧವಾಯಿತು. ಸ್ಪಾರ್ಟನ್‌ಗಳು ಅಲ್ಲಿದ್ದದ್ದು 30. 1975ರ ಅಕ್ಟೋಬರ್ 1ರಂದು ಅದು ಪೂರ್ಣವಾಗಿ ಕೆಲಸಕ್ಕೆ ಸಜ್ಜಾಯಿತು. ಮರುದಿನ ಸಂಸತ್ತಿನ ಕೆಳಮನೆ ಅದನ್ನು ಮುಚ್ಚಲು ಮತ ಹಾಕಿತು. ಗೋಧಿ ಹೊಲಗಳ ನಡುವೆ ಅದರ ರೇಡಾರ್ ಕಟ್ಟಡ ತುದಿ ಕತ್ತರಿಸಿದ ಪಿರಮಿಡ್ಡಿನಂತೆ ನಿಂತಿದೆ.

2002ರಲ್ಲಿ ಅಮೆರಿಕ ಆ ಒಪ್ಪಂದದಿಂದ ಹೊರಬಂದ ಮೇಲೆ ಹೊಸ ಕೊಡೆಯ ಕೆಲಸ ಜೋರಾಯಿತು. ಈಗಿನ ಪ್ರತಿಕ್ಷಿಪಣಿಯಲ್ಲಿ ಪರಮಾಣು ಬಾಂಬಿಲ್ಲ; ಡಿಕ್ಕಿ ಹೊಡೆದೇ ಒಡೆಯುತ್ತದೆ. ಪರಿಸರದ ಪ್ರಶ್ನೆಗಳೂ ಅದಕ್ಕೆ ತಕ್ಕಂತೆ ಬದಲಾಗಿವೆ. ಘನ ಇಂಧನದ ರಾಕೆಟ್ಟಿನ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ, ತೇವ ಸಿಕ್ಕರೆ ಆಮ್ಲವಾಗುತ್ತದೆ. ಇಂಧನದಲ್ಲಿ ಬಳಸುವ ಪರ್ಕ್ಲೋರೇಟ್ ಅಂತರ್ಜಲ ಸೇರಿದರೆ ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರದಂತೆ ಅಡ್ಡಬರುತ್ತದೆ. ಒಡೆದ ಚೂರುಗಳು ಕಕ್ಷೆಯಲ್ಲಿ ಉಳಿದರೆ ಉಪಗ್ರಹಗಳಿಗೆ ಅಪಾಯ. ಇಡೀ ವ್ಯವಸ್ಥೆಯನ್ನು ಒಟ್ಟಾಗಿ ಪರಿಶೀಲಿಸಿದ ವರದಿಯ ಕರಡು 2004ರಲ್ಲಿ ಬಂತು, ಅಂತಿಮ ರೂಪ 2007ರಲ್ಲಿ. ನೆಲ, ಕಡಲು, ಗಾಳಿಯಲ್ಲಿ ಅಸ್ತ್ರ ಇಡುವುದು ಒಂದು ದಾರಿ. ಅಂತರಿಕ್ಷದಲ್ಲೂ ಇಡುವುದು ಇನ್ನೊಂದು. ಏನೂ ಹೊಸದು ಮಾಡದಿರುವುದು ಮೂರನೆಯದು. ಆದರೆ ಅಲಾಸ್ಕದ ಫೋರ್ಟ್ ಗ್ರೀಲಿಯ ಬಾವಿಗಳಿಗೆ ಮೊದಲ ಪ್ರತಿಕ್ಷಿಪಣಿ ಇಳಿದದ್ದು 2004ರ ಜುಲೈನಲ್ಲಿ, ಕರಡಿಗೂ ಮೊದಲು. ಆ ನೆಲೆಗೆ ಬೇರೆ ವರದಿ ಆಗಿತ್ತು ಎಂಬುದು ನಿಜ. ಆದರೂ ಮದುವೆ ಮುಗಿಸಿ ಜಾತಕ ನೋಡಿದ ಹಾಗೆ ಅನ್ನಿಸದಿರದು.

ನಮ್ಮಲ್ಲಿ ಪರಿಸರ ಪರಿಣಾಮದ ಅಂದಾಜು ಕಡ್ಡಾಯವಾದದ್ದು 1994ರ ಅಧಿಸೂಚನೆಯಿಂದ. ಅದರ ಜಾಗಕ್ಕೆ ಬಂದ 2006ರ ಅಧಿಸೂಚನೆ, ದೇಶದ ರಕ್ಷಣೆ ಮತ್ತು ಭದ್ರತೆಗೆ ಸಂಬಂಧಿಸಿದ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಬೇಡ ಎನ್ನುತ್ತದೆ. ಭಾರತದ ಪ್ರತಿಕ್ಷಿಪಣಿಗಳು ಹಾರುವ ಒಡಿಶಾದ ಅಬ್ದುಲ್ ಕಲಾಂ ದ್ವೀಪ ಗಹಿರ್ಮಾತಾದ ಪಕ್ಕದಲ್ಲಿದೆ. ಆಲಿವ್ ರಿಡ್ಲೆ ಕಡಲಾಮೆಗಳು ಲಕ್ಷಗಟ್ಟಲೆ ಬಂದು ಮೊಟ್ಟೆಯಿಡುವ ತೀರ ಅದು. 2025ರ ಜನವರಿಯಿಂದ ಮಾರ್ಚ್‌ವರೆಗೆ, ಆಮೆಗಳು ಬರುವ ಕಾಲದಲ್ಲಿ, ಆ ದ್ವೀಪದಲ್ಲಿ ಕ್ಷಿಪಣಿ ಪರೀಕ್ಷೆ ನಿಲ್ಲಿಸುವುದೆಂದು ಒಡಿಶಾದ ಅಧಿಕಾರಿಗಳೂ ರಕ್ಷಣಾ ಸಂಶೋಧನಾ ಸಂಸ್ಥೆಯವರೂ ಕೂತು ಮಾತಾಡಿ ತೀರ್ಮಾನಿಸಿದರು.