ತೆರೆಯಾಚೆಯ ಕಣ್ಣು

ಗಗನದಿಂದ ಬರುವ ಕ್ಷ-ಕಿರಣಗಳನ್ನೂ ನೇರಳಾತೀತ ಕಿರಣಗಳ ಬಹುಭಾಗವನ್ನೂ ವಾಯುಮಂಡಲವು ನಡುವೆಯೇ ತಡೆಯುವುದು. ಅದು ಜೀವಕೋಟಿಗೆ ಕವಚ. ಖಗೋಳಜ್ಞನಿಗೆ ಮಾತ್ರ ತೆರೆ. ಆ ತೆರೆಯಾಚೆ ಕಣ್ಣಿಡಲೆಂದು ಭಾರತವು 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ‘ಆಸ್ಟ್ರೋಸ್ಯಾಟ್’ ಉಪಗ್ರಹವನ್ನು 650 ಕಿಲೋಮೀಟರ್ ಎತ್ತರಕ್ಕೆ ಕಳುಹಿಸಿತು. ಒಂದೇ ತಾರೆಯನ್ನು ಈ ಎರಡು ಬಗೆಯ ಕಿರಣಗಳಲ್ಲಿಯೂ ಏಕಕಾಲಕ್ಕೆ ನೋಡಬಲ್ಲುದೇ ಅದರ ಹಿರಿಮೆ. ಐದು ವರ್ಷಗಳ ಆಯುಷ್ಯಕ್ಕೆಂದು ರಚಿತವಾದ ಅದು ಹತ್ತನ್ನು ದಾಟಿತು. ಆದರೆ ಯಂತ್ರಕ್ಕೂ ಮುಪ್ಪುಂಟು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ಸಿದ್ಧವಾದ ಅದರ ನೇರಳಾತೀತ ದೂರದರ್ಶಕದ ಮೂರು ವಾಹಿನಿಗಳಲ್ಲೊಂದು 2018ರಲ್ಲಿಯೇ ನಿಂತುಹೋಯಿತು. ದುರಸ್ತಿಗೆಂದು ಅಲ್ಲಿಗೆ ಹೋಗುವವರಾರು? 2024ರ ಜನವರಿ 1ರಂದು ಮೇಲೇರಿದ ‘ಎಕ್ಸ್‌ಪೋಸ್ಯಾಟ್’ ಕ್ಷ-ಕಿರಣಗಳ ಧ್ರುವೀಕರಣವನ್ನು ಅಳೆಯಲೆಂದು ನಿರ್ಮಿತವಾದುದು. ನೇರಳಾತೀತವು ಅದಕ್ಕೆ ಕಾಣದು. ಆ ಕಾರ್ಯಕ್ಕೆಂದು ಯೋಜಿತವಾದ ‘ಇನ್ಸಿಸ್ಟ್’ ದೂರದರ್ಶಕವು ಇನ್ನೂ ನೆಲ ಬಿಟ್ಟಿಲ್ಲ.