ರೀಲು ಹೋಯ್ತು, ರೀಲ್ಸ್ ಬಂತು. ಆಲ್ಬಮ್ ಎಲ್ಲಿ ಹೋಯ್ತು?

ಉಚ್ಚಂಗಿದುರ್ಗ: ಹುಣ್ಣಿಮೆ ಬಂತೆಂದರೆ ದುರ್ಗದ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಭರತ ಹುಣ್ಣಿಮೆ, ಯುಗಾದಿ ಜಾತ್ರೆಯಂತೂ ಕೇಳಲೇಬೇಡಿ. ಉಚ್ಚಂಗೆಮ್ಮನ ದರ್ಶನಕ್ಕೆ ಬೆಟ್ಟ ಹತ್ತುವವರ ಪೈಕಿ ಕೈಯಲ್ಲಿ ಮೊಬೈಲ್ ಇಲ್ಲದವರನ್ನು ಹುಡುಕಿ ತೆಗೆಯಬೇಕು. ಮೆಟ್ಟಿಲ ಮೇಲೊಂದು, ಕೋಟೆ ಬಾಗಿಲಲ್ಲೊಂದು, ಹರಕೆ ತೀರಿಸಿ ಬಂದ ಮೇಲೆ ಮನೆ ಮಂದಿಯೆಲ್ಲ ಸೇರಿ ಇನ್ನೊಂದು. ಒಂದು ದಿನಕ್ಕೆ ದುರ್ಗದ ಮೇಲೆ ಎಷ್ಟು ಫೋಟೋ ಬೀಳ್ತಾವೋ ಆ ತಾಯಿಗೇ ಗೊತ್ತು.

ಆದರೆ ಲೆಕ್ಕ ಕೇಳಬೇಕಾದ್ದು ಬೇರೆ. ಇವುಗಳಲ್ಲಿ ಇಪ್ಪತ್ತು ವರ್ಷ ಬಿಟ್ಟು ಮಕ್ಕಳು ಮೊಮ್ಮಕ್ಕಳ ಕೈಗೆ ಸಿಗುವುದು ಎಷ್ಟು? ಹಿಂದೆ ಮನೆಗೆ ಹತ್ತೇ ಫೋಟೋ ಇದ್ದವು. ಹತ್ತೂ ಗೋಡೆ ಮೇಲೋ, ಟ್ರಂಕಿನ ತಳದಲ್ಲೋ ಇದ್ದವು. ಈಗ ಹತ್ತು ಸಾವಿರ ಇವೆ. ಮೊಬೈಲ್ ನೀರಿಗೆ ಬಿದ್ದರೆ ಹತ್ತು ಸಾವಿರವೂ ನೀರಿಗೆ ಬಿದ್ದಂತೆ.

ಮೂವತ್ತಾರೇ ಏಟು

ಕ್ಯಾಮರಾಕ್ಕೆ ರೀಲು ಹಾಕಿಸುತ್ತಿದ್ದ ಕಾಲ ನೆನಪಿರುವವರು ಬಸ್ಸಿನಲ್ಲಿ ಅರ್ಧಕ್ಕರ್ಧ ಸಿಕ್ಕಾರು. ಹಳೆಯ ಡಬ್ಬಿ ಕ್ಯಾಮರಾಕ್ಕೆ 120ರ ರೀಲು, ಚೌಕಾಕಾರದ ಹನ್ನೆರಡು ಫೋಟೋ, ಅಷ್ಟೇ. ಆಮೇಲೆ ಬಂದ 35 ಮಿ.ಮೀ. ರೀಲಿಗೆ 36. ಜಾಣ ಫೋಟೋಗ್ರಾಫರ್ ತುದಿಯಲ್ಲಿ ಉಳಿಸಿ 37, 38 ಎಳೆಯುತ್ತಿದ್ದ. ಮದುವೆಗೆ ಎರಡು ರೀಲೋ ಮೂರು ರೀಲೋ ಅಂತ ಮೊದಲೇ ಮಾತಾಗುತ್ತಿತ್ತು. ಹಣ ಕೊಡುವ ಯಜಮಾನರು ಪಕ್ಕದಲ್ಲೇ ನಿಂತು, "ಸಾಕ್ರಿ, ಊಟದ್ದು ಬ್ಯಾಡ, ಧಾರೀದು ಹೊಡೀರಿ" ಎನ್ನುವುದು ಸಾಮಾನ್ಯ. ಬೀಗರ ಕಡೆಯವರು ಸಾಲುಗಟ್ಟಿ ನಿಂತಾಗ, ರೀಲು ಖರ್ಚಾಗದ ಹಾಗೆ ಬರೀ ಫ್ಲಾಷ್ ಹೊಡೆದು ಕಳಿಸುತ್ತಿದ್ದರು ಎಂಬ ತಮಾಷೆ ಸ್ಟುಡಿಯೋದವರ ಬಾಯಲ್ಲಿ ಇಂದಿಗೂ ಉಂಟು. ರೀಲು ಬಿಡುವುದು ಅಂದರೆ ಇದೇ ಇರಬೇಕು!

ತಾಳಿ ಕಟ್ಟುವ ಹೊತ್ತು ಒಂದೇ ಸಲ ಬರುತ್ತದೆ. ಕಣ್ಣು ಮುಚ್ಚಿದರೆ ಮುಚ್ಚಿದ ಕಣ್ಣೇ ಆಲ್ಬಮ್ಮಿಗೆ. ಬಿತ್ತೋ ಇಲ್ಲವೋ ಎಂಬುದು ರೀಲು ತೊಳೆದ ಮೇಲೇ ಗೊತ್ತು. "ಫೋಟೋ ಯಾವಾಗ ಬರ್ತಾವ್ರಿ?" ಎಂದರೆ "ಎಂಟು ದಿನ ಬಿಟ್ಟು ಬರ್ರಿ" ಎಂಬುದೇ ಉತ್ತರ.

ಕತ್ತಲೆ ಕೋಣೆಯ ವಿದ್ಯೆ

ಎಂಟು ದಿನ ಸುಮ್ಮನೆ ಹೇಳುತ್ತಿದ್ದುದಲ್ಲ. ಫಿಲ್ಮಿನ ಮೇಲೆ ಬೆಳ್ಳಿಯ ಲವಣದ ತೆಳು ಲೇಪ ಇರುತ್ತದೆ. ಬೆಳಕು ಬಿದ್ದ ಕಡೆ ಡೆವಲಪರ್ ದ್ರಾವಣ ಅದನ್ನು ಕಪ್ಪು ಬೆಳ್ಳಿಯಾಗಿ ಮಾಡುತ್ತದೆ. ಬೆಳಕು ಬೀಳದೆ ಉಳಿದ ಲವಣವನ್ನು ಹೈಪೋ ಕರಗಿಸಿ ಹಾಕುತ್ತದೆ. ಆಮೇಲೆ ಚೆನ್ನಾಗಿ ನೀರಿನಲ್ಲಿ ತೊಳೆಯಬೇಕು. ಹೈಪೋ ಉಳಿದರೆ ಕೆಲವೇ ವರ್ಷಕ್ಕೆ ಫೋಟೋ ಹಳದಿ. ಬೋರಿನ ಗಡಸು ನೀರಾದರೆ ಒಣಗಿದ ಮೇಲೆ ಬಿಳಿ ಚುಕ್ಕೆ. ಪ್ರಿಂಟ್ ಹಾಕುವ ಹೊತ್ತಿಗೆ ಕರೆಂಟ್ ಹೋದರೆ ಬ್ರೋಮೈಡ್ ಪೇಪರ್ ದಂಡ. ನಮ್ಮ ಬಯಲುಸೀಮೆಯಲ್ಲಿ ನೀರು, ಕರೆಂಟು ಎರಡೂ ಕೂಡಿ ಬರಬೇಕಾದರೆ ಪುಣ್ಯ ಮಾಡಿರಬೇಕಿತ್ತು.

ಬಣ್ಣದ ರೀಲು ಬಂದ ಮೇಲೆ ಸಣ್ಣ ಊರಿನ ಕತ್ತಲೆ ಕೋಣೆಗೆ ಕೆಲಸ ತಪ್ಪಿತು. ಬಣ್ಣದ ದ್ರಾವಣ ಸರಿಯಾಗಿ 37.8 ಡಿಗ್ರಿಯಲ್ಲೇ ಇರಬೇಕು. ಅದರಲ್ಲಿ ರೀಲು ಇರಬೇಕಾದ್ದು 3 ನಿಮಿಷ 15 ಸೆಕೆಂಡ್. ಇದು ಮಷೀನಿನ ಕೆಲಸ, ಆ ಮಷೀನು ಇದ್ದದ್ದು ದೊಡ್ಡ ಊರಿನ ಕಲರ್ ಲ್ಯಾಬಿನಲ್ಲಿ. ಹಾಗಾಗಿ ಸಣ್ಣ ಊರಿನ ಮದುವೆಯ ರೀಲು ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಿ, ಫೋಟೋ ಆಗಿ ಬಸ್ಸಿನಲ್ಲೇ ವಾಪಸು ಬರಬೇಕಾಯಿತು.

ಮನೆಯಲ್ಲೇ ಹುಟ್ಟಿದ ವೈರಿ

ಈ ಇಡೀ ಸಂಸಾರವನ್ನು ಕೆಡಿಸಿದ್ದು ಹೊರಗಿನವರಲ್ಲ. ರೀಲು ಮಾರಿ ಲೋಕಪ್ರಸಿದ್ಧವಾದ ಅಮೆರಿಕದ ಕೊಡಕ್ ಕಂಪನಿಯ ಒಳಗೇ, 1975ರಲ್ಲಿ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರ್ ರೀಲಿಲ್ಲದ ಕ್ಯಾಮರಾ ಕಟ್ಟಿದರು. ತೂಕ ಸುಮಾರು 3.6 ಕಿಲೋ. ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆಯಲು 23 ಸೆಕೆಂಡ್. ಚಿತ್ರದಲ್ಲಿದ್ದ ಚುಕ್ಕೆ ಬರೀ ಹತ್ತು ಸಾವಿರ. ಇಂದಿನ ಸಾಧಾರಣ ಮೊಬೈಲಿನ ಚಿತ್ರದಲ್ಲಿ ಕೋಟಿ ದಾಟುತ್ತವೆ. ರೀಲಿನ ವ್ಯಾಪಾರ ಬಿಡಲು ಮನಸ್ಸು ಬಾರದ ಕೊಡಕ್ ಕಂಪನಿ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಕಲರ್ ಲ್ಯಾಬುಗಳಿಂದ ಹೆಸರಾಗಿದ್ದ ಕೊನಿಕಾ 2006ರಲ್ಲೇ ಈ ಧಂದೆಗೆ ಕೈಮುಗಿದಿತ್ತು.

ನಮ್ಮ ದೇಶದ್ದೇ ರೀಲೂ ಇತ್ತು. ಊಟಿಯಲ್ಲಿ 1960ರಲ್ಲಿ ಶುರುವಾದ ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್, 'ಇಂದು' ಹೆಸರಿನಲ್ಲಿ ಕಪ್ಪು-ಬಿಳುಪು ಫಿಲ್ಮು, ಎಕ್ಸ್‌ರೇ ಫಿಲ್ಮು ಮಾಡುತ್ತಿತ್ತು. ಅದೂ ನಷ್ಟಕ್ಕೆ ಬಿದ್ದು ಬಾಗಿಲು ಹಾಕಿತು.

ಸ್ಟುಡಿಯೋದವರ ಪಾಡು

ಸಣ್ಣ ಊರಿನ ಸ್ಟುಡಿಯೋಗೆ ಅನ್ನ ಹಾಕುತ್ತಿದ್ದುದು ಎರಡು: ಮದುವೆ ಮತ್ತು ಪಾಸ್‌ಪೋರ್ಟ್ ಸೈಜಿನ ಫೋಟೋ. ಪರೀಕ್ಷೆಗೆ, ಬ್ಯಾಂಕಿಗೆ, ಸೊಸೈಟಿ ಸಾಲಕ್ಕೆ ಎಲ್ಲದಕ್ಕೂ ಫೋಟೋ ಬೇಕು. ಪುಡಿಗಾಸಿನ ವ್ಯಾಪಾರವಾದರೂ ದಿನದ ಖರ್ಚಿಗೆ ಸಾಕಾಗುತ್ತಿತ್ತು. 2010ರಿಂದ ಆಧಾರ್ ಬಂತು. ಅಲ್ಲಿ ಜನ ಫೋಟೋ ಒಯ್ಯುವ ಹಾಗಿಲ್ಲ, ಕೂರಿಸಿ ಅಲ್ಲೇ ಹೊಡೆಯುತ್ತಾರೆ. ಅರ್ಜಿಗೆ ಅಂಟಿಸುತ್ತಿದ್ದ ಫೋಟೋ ಕೂಡ ಮೊಬೈಲಿನಿಂದ ಕಂಪ್ಯೂಟರಿಗೆ ಹೋಗತೊಡಗಿತು.

ಮದುವೆ ಉಳಿಯಿತು, ಆದರೆ ಬಂಡವಾಳ ಬೆಳೆಯಿತು. ಹಿಂದೆ ಒಂದು ಕ್ಯಾಮರಾ ಕೊಂಡರೆ ಮಗನ ಕಾಲಕ್ಕೂ ಬರುತ್ತಿತ್ತು. ಈಗ ಐದಾರು ವರ್ಷಕ್ಕೆ ಹಳೆಯದಾಗುತ್ತದೆ. ಮೇಲೆ ಡ್ರೋನ್ ಬೇಕು, ಕಂಪ್ಯೂಟರ್ ಬೇಕು, ದಪ್ಪ ರಟ್ಟಿನ ಡಿಸೈನ್ ಆಲ್ಬಮ್ ಬೇಕು. ಕಲಿತವರು ನಿಂತರು. ಕಲಿಯದವರು ಝೆರಾಕ್ಸ್ ಮಷೀನು, ಲ್ಯಾಮಿನೇಷನ್, ಮೊಬೈಲ್ ರೀಚಾರ್ಜ್ ಇಟ್ಟುಕೊಂಡರು. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖದ ಕಲೆ ತೆಗೆಯುತ್ತಿದ್ದ ಕೈಗೆ ಮೌಸ್ ಒಗ್ಗಲಿಲ್ಲವೆಂದರೆ ಆ ಕೈಯ ತಪ್ಪೇನೂ ಇಲ್ಲ.

ಗಿರಾಕಿಗೆ ಲಾಭವಾಗಿಲ್ಲ ಅಂತಲ್ಲ. ಹಿಂದೆ ಬಡವರ ಮನೆಯಲ್ಲಿ ಸತ್ತವರ ಮುಖ ನೆನಪಿಗೆ ಒಂದು ಫೋಟೋ ಇರುತ್ತಿರಲಿಲ್ಲ. ಎಷ್ಟೋ ಕಡೆ ಹೆಣದ ಪಕ್ಕ ಕೂತು ತೆಗೆಸಿದ್ದೇ ಮೊದಲ ಫೋಟೋ, ಕೊನೆಯ ಫೋಟೋ. ಇಂದು ಕೂಲಿ ಮಾಡುವ ತಾಯಿಯ ಹತ್ತಿರವೂ ಮಗುವಿನ ನೂರು ನಗು ಇವೆ. ಅದು ಸಣ್ಣ ಮಾತಲ್ಲ.

ಮೋಸ ಹೋದವರು ನಡುವಿನವರು

ಆದರೆ ಉಳಿಯುವ ವಿಚಾರಕ್ಕೆ ಬಂದರೆ ಕಥೆ ಉಲ್ಟಾ. ಚೆನ್ನಾಗಿ ತೊಳೆದ ಅಜ್ಜನ ಕಪ್ಪು-ಬಿಳುಪು ಫೋಟೋ ಇನ್ನೂ ಗಟ್ಟಿಯಾಗಿದೆ. ಅಪ್ಪನ ಮದುವೆಯ ಬಣ್ಣದ ಫೋಟೋ ಕೆಂಪಡರಿದೆ, ಏಕೆಂದರೆ ಆ ಕಾಲದ ಬಣ್ಣಗಳು ಕಪಾಟಿನ ಕತ್ತಲಲ್ಲಿದ್ದರೂ ಮಾಸುತ್ತವೆ. ಎಲ್ಲರಿಗಿಂತ ಹೆಚ್ಚು ಅಪಾಯ 2005ರಿಂದ 2012ರ ಆಸುಪಾಸಿನಲ್ಲಿ ಮದುವೆಯಾದವರಿಗೆ. ಅವರ ಪಾಲಿಗೆ ನೆಗೆಟಿವ್ ಇಲ್ಲ, ಸಿ.ಡಿ. ಇದೆ. ಮನೆಯಲ್ಲಿ ಬರೆದ ಸಿ.ಡಿ.ಯ ಬಣ್ಣದ ಲೇಪ ಬಿಸಿಲು, ಸೆಕೆಗೆ ಕೆಡುತ್ತದೆ. ಕೆಡದಿದ್ದರೂ ಅದನ್ನು ಹಾಕಿ ನೋಡುವ ಪ್ಲೇಯರ್ ಯಾರ ಮನೆಯಲ್ಲಿದೆ?

ಇನ್ನು ಹಳೆಯ ಸ್ಟುಡಿಯೋಗಳ ನೆಗೆಟಿವ್. ಅಂಗಡಿ ಮುಚ್ಚಿದಾಗ ರಟ್ಟಿನ ಡಬ್ಬಿಗಳು ಮೊದಲು ಗುಜರಿಗೆ ಹೋಗುತ್ತವೆ. ಕಪ್ಪು-ಬಿಳುಪು ನೆಗೆಟಿವಿನಲ್ಲಿ ಬೆಳ್ಳಿ ಇರುವುದರಿಂದ ಎಕ್ಸ್‌ರೇ ಫಿಲ್ಮಿನ ಜೊತೆ ಕಿಲೋ ಲೆಕ್ಕದಲ್ಲಿ ಕೊಳ್ಳುವವರಿದ್ದಾರೆ. ಬಣ್ಣದ್ದರಲ್ಲಿ ತೊಳೆಯುವಾಗಲೇ ಬೆಳ್ಳಿ ಹೋಗಿರುತ್ತದೆ, ಅದು ನೇರ ತಿಪ್ಪೆಗೆ. ಗ್ರಾಂ ಬೆಳ್ಳಿಗಾಗಿ ಊರ ಮುಖಗಳೇ ಕರಗಿ ಹೋಗುತ್ತವೆ.

ಹಂಪಿಯ ಪಾಠ

ಹಳೆ ನೆಗೆಟಿವ್ ಯಾಕೆ ಬೇಕು ಎನ್ನುವವರು ನಮ್ಮದೇ ಜಿಲ್ಲೆಯ ಹಂಪಿಯನ್ನು ನೋಡಬಹುದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವಿನಲ್ಲಿ ಹಂಪಿಯ ಫೋಟೋ ತೆಗೆದರು. ಆ ಕಾಗದಗಳು ಹಾಳಾಗದೆ ಉಳಿದವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬಿದ್ದದ್ದೇನು, ಉಳಿದದ್ದೇನು ಎಂಬುದು ಕಣ್ಣಿಗೇ ಕಾಣುತ್ತದೆ. ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಒಂದು ಕಾಲಕ್ಕೆ ಇಟ್ಟಿಗೆಯ ಶಿಖರ ಇತ್ತು ಎಂಬುದಕ್ಕೆ ಗ್ರೀನ್‌ಲಾ ಫೋಟೋವೇ ಸಾಕ್ಷಿ.

ನೊಳಂಬವಾಡಿಯ ಪಾಂಡ್ಯರು ಆಳಿದ ಉಚ್ಚಂಗಿ ಕೋಟೆಗೂ ಇಂಥ ಸಾಕ್ಷಿ ಬೇಕು. ಜಾತ್ರೆಗೆ ಬಂದ ಮನೆ ಮಂದಿ ಕೋಟೆ ಗೋಡೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೋದಲ್ಲಿ, ಹಿಂದೆ ಕಾಣುವ ಗೋಡೆ ಮುಂದೆ ನಿಂತವರಷ್ಟೇ ಮುಖ್ಯ. ವರ್ಷ ತಿಳಿಯದಿದ್ದರೆ ಫೋಟೋದ ಬೆನ್ನು ನೋಡಿ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಸ್ಟುಡಿಯೋ ಸೀಲಿನಲ್ಲಿ ಜಿಲ್ಲೆಯ ಹೆಸರಿದ್ದರೆ ಅದೇ ಅರ್ಧ ಪಂಚಾಂಗ.

ಈಗ ಮಾಡಬೇಕಾದ್ದು

ಖರ್ಚಿನ ಕೆಲಸವೇನಲ್ಲ. ಸಿ.ಡಿ. ಇರುವವರು ಈ ತಿಂಗಳೇ ಅದನ್ನು ಕಂಪ್ಯೂಟರ್ ಅಂಗಡಿಗೆ ಒಯ್ದು ಪೆನ್‌ಡ್ರೈವಿಗೆ ಹಾಕಿಸಲಿ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ತವರಿನಲ್ಲೋ ತಮ್ಮನ ಮನೆಯಲ್ಲೋ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದೇ ಕಳಿಸಿದರೆ ಕುಗ್ಗಿ ಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ತಲುಪುತ್ತದೆ. ನೆಗೆಟಿವ್ ಇದ್ದವರು ಅದನ್ನು ಅಂಚಿನಲ್ಲಿ ಹಿಡಿದು, ಕಾಗದದ ಲಕೋಟೆಯಲ್ಲಿಟ್ಟು, ತೇವ ಮತ್ತು ತಗಡಿನ ಚಾವಣಿಯ ಕಾವು ತಾಕದ ಕಡೆ ಇಡಲಿ. ವರ್ಷಕ್ಕೊಮ್ಮೆ, ಯುಗಾದಿಗೆ ಹೊಸ ಬಟ್ಟೆ ತರುವಾಗ, ಮೊಬೈಲಿನಿಂದ ಆರಿಸಿ ಇಪ್ಪತ್ತು ಫೋಟೋ ಕಾಗದಕ್ಕೆ ಇಳಿಸಿದರೆ ಊರ ಸ್ಟುಡಿಯೋದವರ ಒಲೆಯೂ ಉರಿದೀತು. ಹಿಂದುಗಡೆ ಯಾರು, ಯಾವ ಊರು, ಯಾವ ವರ್ಷ ಎಂದು ಪೆನ್ಸಿಲ್ಲಿನಲ್ಲಿ ಬರೆಯುವುದನ್ನು ಮರೆಯಬಾರದು.

ಸ್ಟುಡಿಯೋ ಮುಚ್ಚುತ್ತಿರುವವರಲ್ಲಿ ಒಂದು ಮಾತು: ಗುಜರಿಯವನಿಗೆ ಡಬ್ಬಿ ಕೊಡುವ ಮೊದಲು ಅಂಗಡಿ ಮುಂದೆ ಒಂದು ಬೋರ್ಡು ಹಾಕಿ, ಹದಿನೈದು ದಿನ ಪುರುಸೊತ್ತು ಕೊಡಿ. ತಮ್ಮವರ ನೆಗೆಟಿವ್ ಹುಡುಕಿಕೊಂಡು ಜನ ಬಂದೇ ಬರುತ್ತಾರೆ, ಗುಜರಿಯವನಿಗಿಂತ ಎರಡು ಕಾಸು ಹೆಚ್ಚೇ ಕೊಟ್ಟಾರು.