ಕೊಂಬಿರುವ ಹಸುಗಳಿಗೆ ಮುಕ್ತ ಕೊಟ್ಟಿಗೆ: ಹಾಯುವುದನ್ನು ತಡೆಯುವ ಬಗೆ

ಹಸುಗಳನ್ನು ಗೂಟಕ್ಕೆ ಕಟ್ಟದೆ ಆವರಣದೊಳಗೆ ಬಿಟ್ಟು ಸಾಕುವುದೇ ಮುಕ್ತ ಕೊಟ್ಟಿಗೆ ಪದ್ಧತಿ. ಇದರಿಂದ ಕೂಲಿಯ ಖರ್ಚು ತಗ್ಗುತ್ತದೆ, ರಾಸುಗಳು ಬಾಯಾರಿದಾಗಲೆಲ್ಲ ನೀರು ಕುಡಿಯುತ್ತವೆ, ಬೆದೆಯನ್ನು ಗುರುತಿಸುವುದು ಸುಲಭವಾಗುತ್ತದೆ. ಆದರೂ ಗಿರ್ ಹಸುಗಳನ್ನಾಗಲಿ, ಕೊಂಬು ಸುಡದ ಮಿಶ್ರತಳಿ ಹಸುಗಳನ್ನಾಗಲಿ ಸಾಕಿರುವವರು ಹಗ್ಗ ಬಿಚ್ಚಲು ಅಂಜುತ್ತಾರೆ. ಈ ಅಂಜಿಕೆ ನಿರಾಧಾರವಲ್ಲ. ಗಬ್ಬದ ಹಸುವಿನ ಹೊಟ್ಟೆಗೆ ಬಿದ್ದ ಒಂದು ತಿವಿತದಿಂದ ಕರುವೂ ಹೋಗಬಹುದು, ಹಸುವೂ ಹೋಗಬಹುದು.

ಹಸುಗಳ ಗುಂಪಿನಲ್ಲಿ ಮೇಲು-ಕೆಳಗೆಂಬ ಕ್ರಮವಿರುತ್ತದೆ. ಮೇಲಿನ ಹಸು ತಲೆ ತಗ್ಗಿಸಿ ಕೊಂಬು ತೋರಿದರೆ ಸಾಕು, ಕೆಳಗಿನದು ಸರಿದು ಹೋಗುತ್ತದೆ. ಕೊಂಬು ತಾಗುವ ಪ್ರಸಂಗವೇ ಬರುವುದಿಲ್ಲ. ಸರಿಯಲು ದಾರಿಯಿಲ್ಲದಾಗ ಮಾತ್ರ ಅದೇ ಬೆದರಿಕೆ ಗಾಯವಾಗುತ್ತದೆ. ಆದುದರಿಂದ ಕೊಟ್ಟಿಗೆಯ ಯಾವ ಸ್ಥಳದಲ್ಲಿ ನಿಂತ ಹಸುವಿಗೂ ಹಿಂದೆ ಸರಿಯಲು ದಾರಿಯಿದೆಯೇ ಎಂಬುದನ್ನು ನೀವು ಮೊದಲು ನೋಡಬೇಕು.

ಹಸುವೊಂದಕ್ಕೆ ಸೂರಿನಡಿ 3.5 ಚದರ ಮೀಟರ್, ಬಯಲಿನಲ್ಲಿ 7 ಚದರ ಮೀಟರ್ ಜಾಗವೆಂಬುದು ಸಾಮಾನ್ಯ ಶಿಫಾರಸು. ಕೊಂಬಿರುವ ಹಸುಗಳಿಗೆ ಇದನ್ನು ಕನಿಷ್ಠ ಮಿತಿಯೆಂದು ತಿಳಿದು, ಬಯಲು ಜಾಗವನ್ನು ಸಾಧ್ಯವಾದಷ್ಟು ಹಿಗ್ಗಿಸಿರಿ. ಸೂರಿನ ಭಾಗಕ್ಕೆ ಒಂದೇ ಕಿರಿದಾದ ಬಾಗಿಲಿಡುವುದು ತಪ್ಪು. ಬಯಲಿನತ್ತ ಅದರ ಉದ್ದನೆಯ ಬದಿಯನ್ನು ಪೂರ್ತಿ ತೆರೆದಿಡಿ. ಕುರುಡು ಮೂಲೆಗಳೂ ಕೊನೆ ಮುಚ್ಚಿದ ಓಣಿಗಳೂ ಇರಬಾರದು. ನೀರಿನ ತೊಟ್ಟಿ ಎರಡಿರಲಿ, ಒಂದಕ್ಕೊಂದು ದೂರವಿರಲಿ.

ಹೆಚ್ಚಿನ ತಿವಿತಗಳು ಸಂಭವಿಸುವುದು ಗೋದಲಿಯ ಮುಂದೆ. ಹಸುವೊಂದಕ್ಕೆ 60ರಿಂದ 75 ಸೆಂಟಿಮೀಟರ್ ಗೋದಲಿ ಸಾಕೆಂಬ ಲೆಕ್ಕ ಇಲ್ಲಿ ಸಲ್ಲದು. 90 ಸೆಂಟಿಮೀಟರಿಗೆ ಕಡಿಮೆಯಾಗದಂತೆ ನೋಡಿಕೊಳ್ಳಿರಿ. ಹತ್ತು ಹಸುಗಳಿದ್ದರೆ ಹನ್ನೆರಡಕ್ಕೆ ಸಾಲುವಷ್ಟು ಗೋದಲಿ ಇರಲಿ. ಮೇವನ್ನು ಗೋದಲಿಯ ಉದ್ದಕ್ಕೂ ಹರಡಿದ ಮೇಲೆಯೇ ಹಸುಗಳನ್ನು ಒಳಬಿಡಿ. ಹಿಂಡಿಗಾಗಿ ಜಗಳ ಹೆಚ್ಚಾದ್ದರಿಂದ ಆ ಹೊತ್ತಿಗೆ ಕಟ್ಟಬಹುದು, ಆದರೆ ಕಟ್ಟಿದರೆ ಎಲ್ಲವನ್ನೂ ಕಟ್ಟಬೇಕು. ಕಟ್ಟಿದ ಸಾಧು ಹಸುವಿನ ಪಕ್ಕದಲ್ಲಿ ಬಿಚ್ಚಿದ ಹಸು ಓಡಾಡುವುದಕ್ಕಿಂತ ಅಪಾಯಕರ ಸ್ಥಿತಿ ಬೇರಿಲ್ಲ. ಕುತ್ತಿಗೆ ಹಿಡಿಯುವ ಕಬ್ಬಿಣದ ಚೌಕಟ್ಟು ಹಾಕಿಸುವುದಾದರೆ ಮೇಲ್ಭಾಗ ತೆರೆದಿರುವುದನ್ನು ಆರಿಸಿರಿ. ಮೇಲೆ ಅಡ್ಡಪಟ್ಟಿಯಿದ್ದರೆ ಬೆದರಿದ ಹಸುವಿನ ಕೊಂಬು ಸಿಕ್ಕಿಕೊಳ್ಳುತ್ತದೆ.

ಹೊಸ ಹಸುವನ್ನು ಸಂಜೆ ತಂದು ರಾತ್ರಿಯೇ ಗುಂಪಿಗೆ ಬಿಡಬೇಡಿ. ಕೆಲವು ದಿನ ಬೇಲಿಯಾಚೆ ಕಟ್ಟಿ ಪರಸ್ಪರ ಪರಿಚಯವಾದ ನಂತರ, ಹಗಲಿನಲ್ಲಿ, ಮೇವು ತಿಂದು ಹೊಟ್ಟೆ ತುಂಬಿರುವಾಗ, ಬಯಲಿನಲ್ಲಿ ಬೆರೆಸಿರಿ. ಎರಡನ್ನು ಒಟ್ಟಿಗೆ ಬಿಡುವುದು ಮೇಲು. ಬೆದೆಗೆ ಬಂದ ಹಸುವನ್ನೂ ಈಯುವ ದಿನ ಸಮೀಪಿಸಿದ ಹಸುವನ್ನೂ ಪ್ರತ್ಯೇಕವಾಗಿಡಿ. ಇಷ್ಟಾದರೂ ಒಂದೇ ಹಸು ಮತ್ತೆ ಮತ್ತೆ ಹಾಯುತ್ತಿದ್ದರೆ, ಅದೆಷ್ಟೇ ಹಾಲು ಕೊಡಲಿ, ಗುಂಪಿನಿಂದ ಹೊರಗಿಡುವುದೇ ಲಾಭ.

ಚೂಪಾದ ಕೊಂಬಿನ ತುದಿಯನ್ನು ಪಶುವೈದ್ಯರಿಂದ ಮೊಂಡಾಗಿಸಬಹುದು. (ಜಾತ್ರೆಯಲ್ಲಿ ಎತ್ತುಗಳಿಗೆ ತೊಡಿಸುವ ಹಿತ್ತಾಳೆಯ ಅಣಸು ಅಲಂಕಾರಕ್ಕೇ ಹೊರತು ರಕ್ಷಣೆಗಲ್ಲ.) ಬೆಳೆದ ಕೊಂಬನ್ನು ಬುಡದಿಂದ ಕತ್ತರಿಸುವ ಯೋಚನೆ ಬೇಡ: ಅದರೊಳಗೆ ಜೀವಂತ ಮೂಳೆ, ರಕ್ತನಾಳ, ನರಗಳಿವೆ, ಅದರ ಟೊಳ್ಳು ಹಣೆಯ ಮೂಳೆಯ ಕುಹರಕ್ಕೆ ಸೇರಿಕೊಂಡಿದೆ. ಮುಂದಿನ ಪೀಳಿಗೆಗೆ ಕೊಂಬು ಬೇಡವೆಂದಾದರೆ ಕರುವಿಗೆ ಎರಡು-ಮೂರು ವಾರವಾಗುವಷ್ಟರಲ್ಲಿ, ಅರಿವಳಿಕೆ ಕೊಟ್ಟು, ಪಶುವೈದ್ಯರಿಂದಲೇ ಸುಡಿಸಿರಿ.

ಹಾಲು ಕರೆಯುವಾಗ ಪ್ರತಿ ಹಸುವಿನ ಪಕ್ಕೆ, ತೊಡೆ, ಕೆಚ್ಚಲನ್ನು ಪರೀಕ್ಷಿಸಿರಿ. ಕೂದಲು ಕಿತ್ತ ಗೀರುಗಳು ಹೆಚ್ಚುತ್ತಿದ್ದರೆ ಎಲ್ಲೋ ಇಕ್ಕಟ್ಟಾಗಿದೆ ಎಂದರ್ಥ. ಹಾಲಿನಲ್ಲಿ ರಕ್ತ ಕಂಡರೆ ಕೆಚ್ಚಲಿಗೆ ಏಟು ಬಿದ್ದಿರಬಹುದು. ಹೊಟ್ಟೆಯ ಮೇಲಿನ ತೂತು ಹೊರಗೆ ಎಷ್ಟೇ ಚಿಕ್ಕದಾಗಿ ಕಂಡರೂ ಅರಿಸಿನ ಮೆತ್ತಿ ಸುಮ್ಮನಾಗದೆ ಕೂಡಲೇ ಪಶುವೈದ್ಯರನ್ನು ಕರೆಸಿರಿ. ಒಳಗಿನ ಗಾಯದ ಆಳ ಹೊರಗಿನಿಂದ ತಿಳಿಯದು.

ನಿಮಗೂ ತಪ್ಪಿಸಿಕೊಳ್ಳುವ ದಾರಿ ಬೇಕು. ಬೇಲಿಯಲ್ಲಿ ಅಲ್ಲಲ್ಲಿ ಮನುಷ್ಯ ಓರೆಯಾಗಿ ನುಸುಳುವಷ್ಟು, ಹಸು ನುಗ್ಗಲಾಗದಷ್ಟು ಸಂದು ಬಿಡಿಸಿರಿ. ಈದು ನಾಲ್ಕು ದಿನವೂ ಆಗದ ಹಸುವಿನ ಕರುವನ್ನು ಮುಟ್ಟುವ ಮುನ್ನ, ಅದೆಷ್ಟೇ ಸಾಧುವಾಗಿರಲಿ, ತಾಯಿಯನ್ನು ಕಟ್ಟಿರಿ.